ಎರಡು ಬಗೆಯ ‘ನಮ್ಮ ಮನೆ’

ಸಿನಿಮಾದವರು ಲಿಮಾದಿಂದ ಬೆಟ್ಟ ಹತ್ತಿ ಬಂದಾಗ ಮೆಲ್ಚೋರಾ ಹೊಲದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದಳು. ನಿರ್ದೇಶಕಿ ಪಾವೊಲಾಗೆ ಅವಳ ಮುಖ ಹಿಡಿಸಿತು. ಬದುವಿನ ಮೇಲೆ ಕೂತು ಚಿತ್ರದ ಕಥೆ ಹೇಳಿದಳು: ಹೆಂಡತಿಯನ್ನು ಬಿಟ್ಟು ಪಟ್ಟಣ ಸೇರಿದವನು ವರ್ಷಗಳ ಮೇಲೆ ಮರಳುತ್ತಾನೆ. ಅವನದು ಸ್ಪ್ಯಾನಿಷ್, ಅವಳದು ಬೆಟ್ಟದವರ ಭಾಷೆ ಕೆಚುವಾ. ಕೊನೆಗೆ ಅವಳು ಬಾಗಿಲು ತೆರೆಯುತ್ತಾಳೆ.

“ಇದನ್ನ ಬರೆಯೋಕೆ ಲಿಮಾದಲ್ಲಿ ತಲೆ ಕೆಡಿಸ್ಕೊಂಡ್ರಾ? ಇಲ್ಲಿ ಯಾರ ಮನೆ ಕದ ತಟ್ಟಿದ್ರೂ ಸಿಗ್ತಿತ್ತಲ್ಲ,” ಎಂದಳು ಮೆಲ್ಚೋರಾ. ಆದರೂ ಒಪ್ಪಿಕೊಂಡಳು.

ಗಂಡನ ಪಾತ್ರದ ನಟನಿಗೆ ಎತ್ತರದ ಗಾಳಿ ಒಗ್ಗಲಿಲ್ಲ. ಕೋಕಾ ಎಲೆಯ ಕಷಾಯ ಕುಡಿಸಿದರೂ ತಲೆ ಎತ್ತಲಾರದೆ ಹೋದಾಗ ಅವನನ್ನು ಕೆಳಗೆ ಕಳಿಸಿದರು. ಉಳಿದವನು ವ್ಯಾನಿನ ಡ್ರೈವರ್. ಬಂದಾಗಿನಿಂದ ಟೋಪಿ ಕಣ್ಣಿಗಿಳಿಸಿಕೊಂಡು ವ್ಯಾನಿನಲ್ಲೇ ಕೂತಿದ್ದ. ಎರಡೂ ಭಾಷೆ ಬಲ್ಲವನೆಂದು ಪಾವೊಲಾ ಅವನಿಗೇ ಬೆಟ್ಟದವರ ಉಣ್ಣೆ ಹೊದಿಕೆ ಪೊಂಚೊ ಹೊದಿಸಿ ನಿಲ್ಲಿಸಿದಳು. ಟೋಪಿ ತೆಗೆದದ್ದೇ ತಡ, ಊರಿನವರಿಗೆ ಗುರುತು ಸಿಕ್ಕಿತು. ಅವನು ಸೆನೋಬಿಯೊ. ಮೆಲ್ಚೋರಾ ಬಸುರಿಯಾಗಿದ್ದಾಗ, ದುಡಿದು ಬಂದು ಮದುವೆಯಾಗುತ್ತೇನೆಂದು ಹೋದವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ.

“ಆಗಲ್ಲ ಅಂದ್ಬಿಡೇ,” ಎಂದಳು ಚಿಕ್ಕಮ್ಮ ಪ್ರಿಮಿತೀವಾ. “ಎಲ್ಲರೆದುರು ಹಳೇ ಗಾಯ ಯಾಕೆ ಕೆರ್ಕೋತೀಯ?”

“ಮಗಳು ಹುಟ್ಟಿದಾಗಿಂದ ಊರು ಅದನ್ನೇ ನೋಡ್ತಿದೆ ಚಿಕ್ಕಮ್ಮ. ಅವನೂ ಒಂದ್ಸಲ ನೋಡ್ಲಿ.”

ಕೊನೆಯ ದೃಶ್ಯ ಅವಳ ಮನೆಬಾಗಿಲಲ್ಲೇ. ಕ್ಯಾಮೆರಾದ ಹಿಂದೆ ಗುಂಪುಗೂಡಿದ್ದವರ ನಡುವೆ ಮಗಳು ನೆಲಿದಾ ಕೈಕಟ್ಟಿ ನಿಂತಿದ್ದಳು. ಸೆನೋಬಿಯೊ ಸ್ಪ್ಯಾನಿಷಿನಲ್ಲಿ ಕ್ಷಮೆ ಬೇಡಿದ. ಅದು ಬರೆದುಕೊಟ್ಟ ಮಾತು, ನಡುಗಿದ ದನಿ ಮಾತ್ರ ಅವನದೇ. ಅವಳು ಹೇಳಬೇಕಿದ್ದದ್ದು ಇಷ್ಟೇ: “ಒಳಗೆ ಬಾ. ಇದು ನಮ್ಮ ಮನೆ.”

ಕೆಚುವಾದಲ್ಲಿ ‘ನಮ್ಮ ಮನೆ’ ಎನ್ನಲು ಎರಡು ಮಾತಿವೆ. ವಾಸಿಂಚಿಕ್ ಎಂದರೆ ಕೇಳುತ್ತಿರುವವನೂ ಸೇರಿದ ನಮ್ಮೆಲ್ಲರ ಮನೆ. ವಾಸಿಯ್ಕು ಎಂದರೆ ಅವನನ್ನು ಬಿಟ್ಟು ನಮ್ಮ ಮನೆ. ಮಾತು ಅಭ್ಯಾಸ ಮಾಡುವಾಗೆಲ್ಲ ಮೆಲ್ಚೋರಾ ಮೊದಲನೆಯದನ್ನೇ ಹೇಳಿದ್ದಳು. ಈಗ ಅವನ ಕಣ್ಣಲ್ಲಿ ಕಣ್ಣಿಟ್ಟಾಗ ಅದು ಬಾಯಿಗೆ ಬರಲಿಲ್ಲ.

“ಒಳಗೆ ಬಾ,” ಎಂದಳು. “ವಾಸಿಯ್ಕು.”

ಎತ್ತಿದ ಕಾಲನ್ನು ಸೆನೋಬಿಯೊ ಹೊಸ್ತಿಲ ಈಚೆಗೇ ಇಳಿಸಿದ. ಇನ್ನೊಮ್ಮೆ ತೆಗೆದರು. ಅವಳು ಅದನ್ನೇ ಹೇಳಿದಳು, ಅವನು ಅಲ್ಲೇ ನಿಂತ.

“ಯಾಕಪ್ಪಾ ಒಳಗೆ ಹೋಗ್ತಿಲ್ಲ? ಕರೆದ್ಲಲ್ಲ!” ಎಂದಳು ಪಾವೊಲಾ.

“ಕರೆದಿದ್ದು ನೆಂಟನ್ನ ಮೇಡಂ,” ಎಂದ ಅವನು. “ಗಂಡನ್ನಲ್ಲ.”

ಪಾವೊಲಾ ಇಬ್ಬರನ್ನೂ ಒಮ್ಮೆ ನೋಡಿ ಕ್ಯಾಮೆರಾ ನಿಲ್ಲಿಸಲು ಕೈ ಎತ್ತಿದಳು. ಚಿತ್ರ ಅಲ್ಲಿಗೇ ಮುಗಿಯಿತು.

ಸಾಮಾನು ಕಟ್ಟುವಾಗ ಸೆನೋಬಿಯೊ ಬಂದ. “ಮಗಳ ಹತ್ರ ಮಾತಾಡ್ಲಾ?”

“ನನ್ನ ಯಾಕೆ ಕೇಳ್ತೀಯ? ಅವಳಿಗೆ ಬಾಯಿಲ್ವಾ?”

ನೆಲಿದಾ ತಾನೇ ಮುಂದೆ ಬಂದಳು. “ನನ್ನ ಹೆಸರೇನು ಹೇಳು ನೋಡಣ.”

ಅವನು ತಲೆ ತಗ್ಗಿಸಿದ. “ಗೊತ್ತಿಲ್ಲಮ್ಮ.”

“ನೆಲಿದಾ,” ಎಂದಳು ಅವಳು. ಎಂದೋ ಕೇಳಬೇಕಾಗಿದ್ದ ಹೆಸರನ್ನು ಅವನು ಮೆಲ್ಲಗೆ ಒಮ್ಮೆ ಉಚ್ಚರಿಸಿದ. ಅಷ್ಟರಲ್ಲಿ ಒಳಗೆ ಹೋಗಿ ಒಲೆಯ ಮುಂದೆ ಕೂತಿದ್ದ ಮೆಲ್ಚೋರಾ ಹೊದ್ದ ಶಾಲಿಗೆ ಮುಖ ಒತ್ತಿಕೊಂಡಳು. ಅಳು ಬಂದದ್ದು ಅವನಿಗಾಗಿಯೋ ತನಗಾಗಿಯೋ ಅವಳಿಗೇ ತಿಳಿಯಲಿಲ್ಲ.

ಮುಂದಿನ ಕೊಯ್ಲಿಗೆ ಅವನು ಗುದ್ದಲಿ ಹೊತ್ತು ಒಬ್ಬನೇ ಬಂದ. ಸಂಜೆವರೆಗೆ ಮಗಳ ಪಕ್ಕದ ಸಾಲಿನಲ್ಲಿ ಅಗೆದ. ಬೇರೆ ಆಳುಗಳಿಗೆ ಕೊಟ್ಟಂತೆಯೇ ಮೆಲ್ಚೋರಾ ಅವನಿಗೂ ಮೆಕ್ಕೆಜೋಳದ ಹೆಂಡ ಬಗ್ಗಿಸಿಕೊಟ್ಟಳು. ಮಲಗಲು ಅವನು ಚಿಕ್ಕಮ್ಮ ಪ್ರಿಮಿತೀವಾಳ ಮನೆಗೆ ಹೋದ.