ಹತ್ತೊಂಬತ್ತರಲ್ಲಿ ನಾಲ್ಕು

ಲಿಫ್ಟ್ ರಿಪೇರಿ ಕಂಪನಿಯ ಲೆಕ್ಕದ ಕೋಣೆಯಲ್ಲಿ ಸೊನ್ನೆ ಮಾಮ ಅಂತ ಒಬ್ಬರಿದ್ದರು. ಯಾವ ಪುಸ್ತಕ ಕೊಟ್ಟರೂ ವ್ಯತ್ಯಾಸ ಸೊನ್ನೆ ಮಾಡಿಯೇ ಮೇಲೇಳುವ ಆಸಾಮಿ. ಒಮ್ಮೆ ಒಂದು ಬಿಡಿಕಾಸು ತಾಳೆಯಾಗಲಿಲ್ಲವೆಂದು ಮೂರು ದಿನ ಕೂತಲ್ಲಿಂದ ಏಳಲಿಲ್ಲವಂತೆ. ನಾಲ್ಕನೆಯ ದಿನ ಎದ್ದಾಗ ಕುರ್ಚಿಯೂ ಅವರ ಜೊತೆಗೇ ಎದ್ದಿತಂತೆ.

ಅವರ ಕೈಕೆಳಗೆ ಲೆಕ್ಕ ಕಲಿಯಲು ಹೈಸ್ಕೂಲಿನಿಂದ ಒಬ್ಬ ಹುಡುಗಿಯನ್ನು ಕಳಿಸಿದ್ದರು. ವಾರಕ್ಕೆ ಮೂರು ಮಧ್ಯಾಹ್ನ ಕೆಲಸ. ವರ್ಷದ ಕೊನೆಗೆ ಮಾಲೀಕರು ಸರ್ಟಿಫಿಕೇಟಿಗೆ ಸಹಿ ಹಾಕಿದರೆ ಅಲ್ಲೇ ನೌಕರಿ. ಅವಳಮ್ಮ ಹನ್ನೊಂದು ಮಹಡಿಯ ಕಟ್ಟಡವೊಂದರಲ್ಲಿ ನೆಲ ಒರೆಸುತ್ತಿದ್ದಳು. ಮಗಳ ಕೈಗೆ ಆ ಸರ್ಟಿಫಿಕೇಟ್ ಬಂದ ದಿನವೇ ಬಕೆಟ್ಟನ್ನು ಒದ್ದು ಬರುತ್ತೇನೆ ಅಂತ ಕಾಯುತ್ತಿದ್ದಳು.

"ಏ ಪೆನ್ಸಿಲ್," ಅಂತಲೇ ಮಾಮ ಕರೆಯುತ್ತಿದ್ದರು. ಕಲಿಯುವವರಿಗೆ ಅಲ್ಲಿ ಪೆನ್ನು ಕೊಡುತ್ತಿರಲಿಲ್ಲ. "ಇವತ್ತು ಸ್ಟಾಕ್ ಪುಸ್ತಕ. ಬಂದದ್ದು ಕೂಡು, ಹೋದದ್ದು ಕಳೆ. ಉಳಿದದ್ದು ಗೋಡೌನಲ್ಲಿರುತ್ತೆ. ಇಷ್ಟೇ ವಿದ್ಯೆ, ಮಿಕ್ಕಿದ್ದೆಲ್ಲ ಶೋಕಿ."

ಉಕ್ಕಿನ ಹಗ್ಗದ ಪುಟ ಬಂತು. ಲಿಫ್ಟನ್ನು ಎತ್ತಿ ಹಿಡಿಯುವ ಹಗ್ಗ. ಹಿಂದಿನ ಉಳಿಕೆ ಸೊನ್ನೆ. ಈ ವರ್ಷ ಕೊಂಡದ್ದು ನಾಲ್ಕು ಸೆಟ್. ಹೊಸ ಹಗ್ಗ ಹಾಕಿದ್ದೇವೆಂದು ಬಿಲ್ ಮಾಡಿದ್ದು ಹತ್ತೊಂಬತ್ತು ಕಟ್ಟಡಕ್ಕೆ, ಕಟ್ಟಡಕ್ಕೊಂದು ಸೆಟ್. ಹುಡುಗಿ ರಫ್ ಹಾಳೆಯಲ್ಲಿ ಹತ್ತೊಂಬತ್ತೂ ವಿಳಾಸ ಗೀಚಿಕೊಂಡು ಲೆಕ್ಕ ಹಾಕಿದಳು. ಮೈನಸ್ ಹದಿನೈದು. ಅಳಿಸಿ ಮತ್ತೆ ಮಾಡಿದಳು. ಕಾಗದ ತೂತು ಬಿತ್ತು, ಮೈನಸ್ ಅಲ್ಲಾಡಲಿಲ್ಲ.

"ಸ್ಟಾಕು ಮೈನಸ್ ಬರಲ್ಲ ಮಗಳೇ," ಎಂದರು ಮಾಮ. "ಡಬ್ಬದಲ್ಲಿ ನಾಲ್ಕು ಬಿಸ್ಕತ್ ಇದ್ರೆ ಹತ್ತೊಂಬತ್ತು ತಿನ್ನೋಕಾಗುತ್ತಾ? ತಾ ಇಲ್ಲಿ."

ಅವರ ಬೆರಳು ಹತ್ತೊಂಬತ್ತು ಸಾಲು ಇಳಿಯಿತು, ಮತ್ತೆ ಹತ್ತಿತು. ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. "ಹಳೇ ಸ್ಟಾಕಿಂದ ಹದಿನೈದು ಅಂತ ಬರಿ. ಸೊನ್ನೆ ಆಗುತ್ತೆ."

"ಹಳೇ ಸ್ಟಾಕು ಎಲ್ಲಿದೆ ಮಾಮ?"

"ನೀನು ಬರೆದ ಮೇಲೆ ಇರುತ್ತೆ."

ನಗಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಮಾಮ ನಗುತ್ತಿರಲಿಲ್ಲ. ಪಟ್ಟಿಯ ಏಳನೆಯ ಸಾಲಿನಲ್ಲಿ ಅಮ್ಮನ ಕಟ್ಟಡವಿತ್ತು. ಅದರ ಮೇಲೆ ಬೆರಳಿಟ್ಟಳು.

"ಇದಕ್ಕೆ ಹಗ್ಗ ಹಾಕಿದಾರಾ, ಇಲ್ವಾ?"

"ಹತ್ತೊಂಬತ್ತರಲ್ಲಿ ನಾಲ್ಕಕ್ಕೆ ಹಾಕಿದಾರೆ. ಯಾವ ನಾಲ್ಕು ಅಂತ ಪುಸ್ತಕ ಹೇಳಲ್ಲ."

ಬಾಗಿಲಲ್ಲಿ ಮಾಲೀಕರು ನಿಂತಿದ್ದರು. ಯಾವಾಗ ಬಂದರೋ. ಬೆಣ್ಣೆಯಂಥ ಮನುಷ್ಯ, ಬೈದರೂ ಜೋಗುಳ ಹಾಡಿದಂತಿರುತ್ತಿತ್ತು. ಜೇಬಿನಿಂದ ತಮ್ಮ ಪೆನ್ನು ತೆಗೆದು ಹುಡುಗಿಯ ಮುಂದಿಟ್ಟರು.

"ಪೆನ್ಸಿಲ್ ಸಾಕಮ್ಮ. ಮಾಮ ಹೇಳಿದ ಹಾಗೆ ಇದರಲ್ಲಿ ಬರಿ, ಕೆಳಗೆ ನಿನ್ನ ಸಹಿ ಹಾಕು. ನಿನ್ನ ಸರ್ಟಿಫಿಕೇಟಿಗೆ ನಾನು ಹಾಕ್ತೀನಿ. ಲೆಕ್ಕ ಸರಿಹೋಯ್ತಲ್ಲ?"

ಹುಡುಗಿ ಪೆನ್ನು ಹಿಡಿದಳು. ಮೈನಸ್ ಹದಿನೈದು ಎಂದು ದಪ್ಪಗೆ ಬರೆದು ಸಹಿ ಹಾಕಿದಳು. ಮಾಮ ಕಣ್ಣು ಮುಚ್ಚಿಕೊಂಡರು. ಮಾಲೀಕರು ಅದೇ ನಗೆಯಲ್ಲಿ ಪುಟವನ್ನು ಹೊಲಿಗೆಯ ಗುಂಟ ನಿಧಾನವಾಗಿ ಹರಿದು, ಮಡಿಸಿ ಜೇಬಿಗಿಟ್ಟರು.

"ಮನೆಗೆ ಹೋಗಮ್ಮ. ಸ್ಕೂಲಿಗೆ ನಾನೇ ಫೋನ್ ಮಾಡ್ತೀನಿ."

ರಫ್ ಹಾಳೆ ಮುಷ್ಟಿಯಲ್ಲಿ ಹಿಡಿದು ಅವಳು ಓಡಿದ ಓಟಕ್ಕೆ, ನೆರಳು ಎರಡು ಬೀದಿ ಹಿಂದೆ ಬಿತ್ತು.

"ಏನಮ್ಮ, ನಾಯಿ ಅಟ್ಟಿಸ್ಕೊಂಡು ಬಂತಾ?" ಎಂದ ಅಮ್ಮನ ಕಟ್ಟಡದ ವಾಚ್‌ಮನ್.

"ಅಮ್ಮ ಎಲ್ಲಿ?"

ಅವನು ಗದ್ದದಲ್ಲೇ ಲಿಫ್ಟ್ ತೋರಿಸಿದ. ಬಾಗಿಲ ಮೇಲೆ ಒಂಬತ್ತು ಉರಿಯುತ್ತಿತ್ತು. ಎಂಟು. ಏಳು. ಆರಕ್ಕೆ ನಿಂತುಬಿಟ್ಟಿತು. ಒಳಗೆಲ್ಲೋ ಮುದಿ ಮಂಚ ಮಗ್ಗುಲಾದಂತೆ ಏನೋ ನರಳಿತು.

ಐದು.

ಲಿಫ್ಟ್ ಕೆಳಗೆ ಬಂದು ಬಾಗಿಲು ತೆರೆದದ್ದೇ ತಡ, ಅಮ್ಮನ ರಟ್ಟೆ ಹಿಡಿದು ಹೊರಗೆಳೆದಳು. ಬಕೆಟ್ಟಿನ ನೀರು ಚೆಲ್ಲಿ ಮೂವರ ಕಾಲೂ ತೊಯ್ದವು. ಒಂದೇ ಉಸಿರಿಗೆ ಎಲ್ಲ ಹೇಳಿದಳು: ಹಗ್ಗ, ಪೆನ್ನು, ಹೋದ ಸರ್ಟಿಫಿಕೇಟ್.

ವಾಚ್‌ಮನ್ ಕೈ ಕೊಡವಿದ. "ನಮ್ಮದು ಗಟ್ಟಿಯಾಗೇ ಇದೆ ಬಿಡಮ್ಮ. ಆ ನಾಲ್ಕರಲ್ಲಿ ನಮ್ಮದೂ ಒಂದಿರಬೇಕು."

"ಎಲ್ಲರೂ ಹಂಗೇ ಅಂದ್ಕೊಂಡ್ರೆ ಹತ್ತೊಂಬತ್ತೂ ಗಟ್ಟಿಯಾಯ್ತಲ್ಲಪ್ಪ," ಎಂದಳು ಅಮ್ಮ. ಖಾಲಿ ಬಕೆಟ್ಟನ್ನು ಲಿಫ್ಟಿನ ಹೊಸ್ತಿಲಿಗೆ ಅಡ್ಡ ಇಟ್ಟಳು. ಬಾಗಿಲು ಬಂದು ಬಕೆಟ್ಟನ್ನು ಕಚ್ಚಿತು, ಬಿಟ್ಟಿತು, ಮತ್ತೆ ಕಚ್ಚಿತು. "ಯಾರಾದ್ರೂ ಇದನ್ನ ತೆಗೆದ್ರೆ ನಿನ್ನನ್ನೇ ಕೇಳ್ತೀನಿ."

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಮಗಳ ಕಡೆ ತಿರುಗಿದಳು. "ಇನ್ನೆಷ್ಟು?"

"ಹದಿನೆಂಟು."

"ಹತ್ತಿರದ್ದು ಮೊದಲು ಓದು."

ಹೊರಗೆ ಆಫೀಸುಗಳು ಬಿಟ್ಟಿದ್ದವು. ಊರಿಗೆ ಊರೇ ಚೀಲ ಹೊತ್ತು ಮನೆಗೆ ಹೊರಟಿತ್ತು. ದಣಿದ ಕಾಲಲ್ಲಿ ಮೆಟ್ಟಿಲು ಹತ್ತುವುದು ಯಾರಿಗೆ ಬೇಕು.