ಮೊದಲು ಬಂದವರಿಗೆ ಸೊನ್ನೆ

ಆ ಕಿಟಕಿಯ ಸೀಟು ತನ್ನದಲ್ಲವೇ, ವಾಡಿಯಿಂದ ಲುಂಬಿನಿ ಅಲ್ಲೇ ಕುಳಿತು ಬಂದದ್ದು, ರೈಲು ಯಾಕೆ ನಿಂತಿತೆಂದು ಬಾಗಿಲಿಗೆ ಹೋಗಿ ಇಣುಕಿ ಬರುವಷ್ಟರಲ್ಲಿ ಪೇರಲ ಮಾರುವ ಜಾನಬಿ ಬುಟ್ಟಿ ಸಮೇತ ಕೂತಾಗಿತ್ತು — ಎದ್ದ ಮ್ಯಾಲ ನಿನ್ನ ಹೆಸರೇನರ ಬರದದೇನವಾ ಇದರ ಮ್ಯಾಲ, ಮೊದಲ ಬಂದವರು ಮೊದಲ ಕುಂದರತಾರ — ನಗಲು ಹೋದ ಲುಂಬಿನಿ ಅಷ್ಟಕ್ಕೇ ನಿಂತಳು, ಮೊದಲು ಬಂದವರು, ಹೌದು, ಕರ್ನೆಲ್ ಕೂಡ ಹಾಗೆಯೇ, ಶಹಾಬಾದದ ಫರಸಿ ಕಲ್ಲು ಕೊಯ್ಯುವ ಕಾರ್ಖಾನೆಯ ಕಂಪ್ಯೂಟರಿನ ತಳದಲ್ಲಿ ಕೂತು ಎಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಮು, ಕರ್ನೆಲ್, ಯಂತ್ರದ ಅಂಗಾಂಗವನ್ನೆಲ್ಲ ವಂಶಾವಳಿಯ ಹಾಗೆ ಇಟ್ಟುಕೊಂಡಿರುತ್ತದೆ, ಮೇಲೆ ದೊಡ್ಡ ಬಸ್, ಸಂಕೇತಗಳು ಓಡಾಡುವ ಹೆದ್ದಾರಿ, ಅದಕ್ಕೆ ಹುಟ್ಟಿದ್ದು ಯುಎಸ್‌ಬಿ ಬಸ್, ಅದರ ಮಡಿಲಲ್ಲಿ ಎರಡು ಅಡಾಪ್ಟರು, ಒಂದರ ವೈರು ಹಳೆಯ ಗರಗಸಕ್ಕೆ, ಇನ್ನೊಂದರದು ಹೊಸದಕ್ಕೆ, ಯಾವುದು ಯಾವ ಕಿಂಡಿಯಲ್ಲಿದೆ ಎಂದು ಕೇಳಿದರೆ ಹೇಳುತ್ತದೆ, ಇವಳು ಕೇಳಲಿಲ್ಲ, ಅಂದು ಸಪ್ನಾಳಿಗೆ ಜ್ವರ, ಒಂದು ಕೈ ಮಗಳ ಹಣೆಯ ಒದ್ದೆ ಬಟ್ಟೆಯ ಮೇಲೆ, ಇನ್ನೊಂದು ಕೈಯಲ್ಲಿ ಗರಗಸ ನಡೆಸುವ ಪ್ರೋಗ್ರಾಮು, ಸೊನ್ನೆ ಅಂದರೆ ಹಳೆಯದು, ಒಂದು ಅಂದರೆ ಹೊಸದು ಎಂದು ಬರೆದು ಕೈತೊಳೆದುಕೊಂಡಳು — ಕರ್ನೆಲ್ ಅಡಾಪ್ಟರಿಗೆ ಕೊಡುವ ಆ ಅಂಕೆ ಬರೀ ಸರದಿ, ಕರೆಂಟ್ ಹೋಗಿ ಬಂದರೆ ಯಾವ ಅಡಾಪ್ಟರು ಮೊದಲು ಎಚ್ಚರಾಗುತ್ತದೋ ಅದೇ ಸೊನ್ನೆ, ಬಂದ್ ಮಾಡದ ಗರಗಸ ಕರೆಂಟ್ ಬಂದೊಡನೆ ತಾನೇ ತಿರುಗಲಿ ಎಂದು ಮಾಲೀಕರು ಕೇಳಿದ್ದರು, ಅದನ್ನೂ ಮಾಡಿಕೊಟ್ಟಿದ್ದಳು, ಸರದಿ ಅದಲುಬದಲಾದರೆ ಹಳೆಯದಕ್ಕೆ ಹಾಕಿದ ಬಂದ್ ಹೊಸದಕ್ಕೆ ಬಿದ್ದು ಹಳೆಯದು ತಿರುಗುತ್ತದೆ, ಕರೆಂಟಿನ ಮೇನ್ ಹಿಡಿಕೆ ಇಳಿಸಿದರೆ ಎರಡೂ ನಿಲ್ಲುತ್ತವೆಂದು ಒಂದನ್ನೇ ಪರದೆಯ ಮೇಲೆ ಬಂದ್ ಮಾಡಿ ಅದರ ಅಲಗಿನ ಕೆಳಗಿನ ಕಲ್ಲುಕೆಸರು ಬಳಿದು ತೆಗೆಯುವುದು ಅಲ್ಲಿಯ ರೂಢಿ, ಬಳಿಯುವವನು ಅಂಬಾರಾಯ, ಒಡಹುಟ್ಟಿದ ಅಣ್ಣ, ಮೊಣಕೈತನಕ ಮಜ್ಜಿಗೆಯಂಥ ಕೆಸರಿನಲ್ಲಿ ಮುಳುಗಿದ ಆ ಕೈ, ಹಿಡಿಕಿ ಯಾಕ, ತಂಗಿ ಪ್ರೋಗ್ರಾಮು ಬಂದ್ ಮಾಡಿದ್ದು ಬಂದೇ ಇರತದ, ಎಂದು ಎಲ್ಲರೆದುರು ಅಂದಿದ್ದ, ಇವಳು ಹಿಗ್ಗಿದ್ದಳು — ಈಗ ಇವಳು ಹಚ್ಚಿದ ಅಣ್ಣನ ಫೋನು ಹೊಡೆದುಕೊಂಡೇ ಇದೆ, ಎತ್ತುತ್ತಿಲ್ಲ, ಕೈ ಕೆಸರಿನಲ್ಲಿದ್ದರೆ ಎತ್ತುವುದು ಹೇಗೆ, ಕಾರ್ಖಾನೆಯ ಲೆಕ್ಕ ಬರೆಯುವ ಮುನಷಿ ಖಂಡೆಪ್ಪ ಕಾಕಾನಿಗೆ ಹಚ್ಚಿದಳು, ಹೇಳವಾ ಲುಂಬಿನಿ — ಕಾಕಾ, ಅಣ್ಣ ಎಲ್ಲಿ — ಹಳೀದರ ಕೆಳಗ ಕೆಸರು ಬಳೀಲಿಕತ್ತಾನ, ನಾನೇ ಬಂದ್ ಮಾಡಿ ಕೊಟ್ಟೀನಿ, ಈಗ ಕರೆಂಟೂ ಹೋಗ್ಯದ, ಎರಡೂ ತಣ್ಣಗ ಕುಂತಾವ, ನೀ ಯಾಕ ಇಷ್ಟು ಗಾಬರಿ — ಕಾಕಾ, ಮೊದಲ ಹಿಡಿಕಿ ಇಳಸ್ರಿ, ಅಣ್ಣಗ ಕೈ ತಗೀ ಅನ್ರಿ — ಏನಂದಿ, ಕೇಳವಲ್ದು — ಹಿಡಿಕಿ, ಕಾಕಾ, ಹಿಡಿಕಿ — ಜಾನಬಿ ಪೇರಲ ಒರೆಸುವುದು ಬಿಟ್ಟು ನೋಡುತ್ತಾಳೆ, ಸಿಗ್ನಲ್ಲು ಇನ್ನೂ ಕೆಂಪು, ಫೋನಿನಲ್ಲಿ ಕಾಕಾ, ತಡಿಯವಾ, ಇಲ್ಲಿ ಫ್ಯಾನ್ ತಿರಗಲಿಕತ್ತು, ಕರೆಂಟ್ ಬಂತ ನೋಡು — ಕಂಪ್ಯೂಟರು ಏಳಲು ಒಂದು ಗಳಿಗೆ ಬೇಕು, ಒಂದೇ ಗಳಿಗೆ, ಅಷ್ಟರಲ್ಲಿ ಕರ್ನೆಲ್ ಮೇಲಿನಿಂದ ಕೆಳಗಿಳಿಯುತ್ತ ಬಸ್ಸು ಬಸ್ಸನ್ನೂ ತಟ್ಟಿ ಕೇಳುತ್ತದೆ, ಯಾರಿದ್ದೀರಿ, ಯಾರು ಮೊದಲು — ಫೋನಿನೊಳಗೆ ಖಂಡೆಪ್ಪನ ಚಪ್ಪಲಿ ಓಡುವ ಸಪ್ಪಳ, ಹಿಡಿಕೆಯ ಕಡೆಗೋ, ಅಣ್ಣನ ಕಡೆಗೋ, ದೂರವಾಗುತ್ತ, ಮತ್ತೆ ಏನೂ ಇಲ್ಲ, ಮಜ್ಜಿಗೆಯಂಥ ಕೆಸರು, ಮೊಣಕೈತನಕ, ಆ ಕೈ, ಆ ಕೈ