ಕೂತು ಆಡುವ ಪದ

ಪಾರ್ವತೀಶಂ ಸತ್ಯಭಾಮೆಯ ವೇಷ ಹಾಕಿ ನಡೆದರೆ, ಕೃಷ್ಣಾ ತೀರದ ಊರುಗಳಲ್ಲಿ ಹೆಂಗಸರೇ ಆ ನಡಿಗೆಯನ್ನು ನೋಡಿ ಕಲಿಯಬೇಕು ಎನ್ನುತ್ತಿದ್ದರು. ಅವನ ಊರಿನದು ಬ್ರಾಹ್ಮಣರ ಮೇಳ. ಅಲ್ಲಿ ಹೆಣ್ಣುವೇಷವೂ ಗಂಡಸರದೇ. ಆದರೆ ಹಾಡಿಗೆ ಅಭಿನಯಿಸುವ ಒಂದು ಪದ ಮಾತ್ರ ಅವನಿಗೆ ಒಲಿದಿರಲಿಲ್ಲ. ಬೇರೊಬ್ಬಳ ಮನೆಯಲ್ಲಿ ರಾತ್ರಿ ಕಳೆದು ಬಂದ ನಲ್ಲನಿಗೆ ನಾಯಕಿ, ‘ಬಿಸಿಲಲ್ಲಿ ಬಂದೆಯಾ, ಕೂತುಕೋ’ ಎನ್ನುತ್ತಾಳೆ. ಪಾರ್ವತೀಶಂ ಅದನ್ನು ಹುಬ್ಬು ಗಂಟಿಕ್ಕಿ, ಹೆಜ್ಜೆ ಅಪ್ಪಳಿಸಿ ಆಡಿ ನೋಡಿದ. ಮೇಳದ ಯಜಮಾನರಾದ ಸೋದರಮಾವ ಕೇಶವಯ್ಯ ತಾಳ ಕೆಳಗಿಟ್ಟು, “ಹಾಲಿನವನ ಹತ್ರ ಜಗಳಕ್ಕೆ ನಿಂತ ಹಾಗಿದೆ” ಎಂದರು.

ಅದಕ್ಕೇ ಅವನು ಯಾರಿಗೂ ಹೇಳದೆ ಗೋದಾವರಿ ದಾಟಿ ಮಾಣಿಕ್ಯಾಂಬನವರ ಮನೆಗೆ ಬಂದಿದ್ದ. ಆಕೆ ದೇವದಾಸಿಯರಾದ ಕಲಾವಂತರ ಪೈಕಿ. ಗುಡಿಯಲ್ಲಿ ಅವರ ಕುಣಿತವನ್ನು ಕಾನೂನು ನಿಲ್ಲಿಸಿದ ಮೇಲೆ, ಮರ್ಯಾದಸ್ಥರು ಆ ಬೀದಿಗೆ ಕಾಲಿಡುವುದನ್ನೂ ನಿಲ್ಲಿಸಿದ್ದರು. ಅಲ್ಲಿ ಪಾಠ ಹೇಳಿಸಿಕೊಂಡನೆಂದು ತಿಳಿದರೆ ಅವನಿಗೆ ಮೇಳದಲ್ಲಿ ಜಾಗವಿಲ್ಲ.

“ನಿಮ್ಮೂರಲ್ಲಿ ಗಂಡಸರೇ ಹೆಂಗಸರಾಗ್ತಾರಂತೆ,” ಆಕೆ ಎಲೆಗೆ ಸುಣ್ಣ ಹಚ್ಚುತ್ತ ಅಂದರು. “ನಾವು ಹುಟ್ತಾನೇ ಹೆಂಗಸರಾಗಿಬಿಟ್ವಿ ನೋಡು ಬಾಬು, ಅದೇ ತಪ್ಪಾಗೋಯ್ತು.”

ಅವನು ನೆಲ ನೋಡಿದ. ಮಂಚದ ಪಕ್ಕದಲ್ಲಿ ಕೆತ್ತಿದ ಎಳನೀರಿತ್ತು. ತಮ್ಮ ಮನೆಯ ನೀರು ಅವನಿಗೆ ಆಗದೆಂದು ತಾವೇ ಎಣಿಸಿ, ಅವನು ಇಲ್ಲವೆನ್ನುವ ಕಷ್ಟ ತಪ್ಪಿಸಿದ್ದರು.

ಕುಡಿದು ಕಾದ. ಆಕೆ ಯಾವಾಗ ಏಳುತ್ತಾರೆ, ಯಾವಾಗ ಗೆಜ್ಜೆ ಕಟ್ಟುತ್ತಾರೆ? ಊದಿದ ಮೊಣಕಾಲನ್ನು ಚಾಚಿ, ದಿಂಬಿಗೆ ಒರಗಿ, ಆಕೆ ಏನೋ ಗುನುಗುತ್ತಿದ್ದರು. ಇದ್ದಕ್ಕಿದ್ದಂತೆ ಅವನ ಹೆಗಲಾಚೆ ಬಾಗಿಲಿನತ್ತ ನೋಡಿದರು. ಗುರುತಿನವರೇ ಯಾರೋ ಬಂದರೆಂದು ಅವನು ಗಾಬರಿಯಿಂದ ತಿರುಗಿದ. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

“ಯಾರೋ ಬಂದ್ರು ಅಂತ...”

“ಬಂದಿದಾನಲ್ಲ. ನೀನು ಅಡ್ಡ ಕೂತಿದೀಯ, ಸ್ವಲ್ಪ ಸರಿ.”

ಅವನು ಪಕ್ಕಕ್ಕೆ ಸರಿದ. ಪದ ಆಗಲೇ ಶುರುವಾಗಿತ್ತು. ಆಕೆ ಹಾಡುತ್ತಲೇ ಎಲೆಯನ್ನು ಮಡಚಿದರು, ಆ ಮಡಿಕೆಯಲ್ಲಿ ಇಡೀ ರಾತ್ರಿಯ ಕಾಯುವಿಕೆ ಇತ್ತು. ‘ಕೂತುಕೋ’ ಎಂದು ಅಂಗೈ ತೆರೆದರು. ಮೊದಲು ಅದು ಉಪಚಾರ, ಮತ್ತೆ ಅದೇ ಸಾಲಿಗೆ ಅಣಕ, ಕೊನೆಗೆ ಬಿಸಿಲಲ್ಲಿ ಬಂದ ಮಗುವಿನ ಮೇಲಿನ ಮರುಕ. ಬರಿಯ ರೆಪ್ಪೆ, ಬರಿಯ ಬೆರಳು. ಅವನ ಎದೆಯೊಳಗೆ ಗರ್ಭಗುಡಿಯ ಪರದೆ ಸರಿದಂತಾಯಿತು. ಇಷ್ಟು ವರ್ಷ ತಾನು ಅಂಗಳದಲ್ಲೇ ಗೆಜ್ಜೆ ಸದ್ದು ಮಾಡುತ್ತಿದ್ದೆನಲ್ಲ ಎನಿಸಿತು.

“ಕೂತೇ ಆಡ್ಬೇಕಾ, ಅಮ್ಮ?” ಎಂದು ಕೊನೆಗೆ ಕೇಳಿದ.

“ತಪ್ಪು ಮಾಡಿದೋನು ನಿಂತಿದಾನೆ. ಮನೆ ಯಜಮಾನಿ ಅವಳ್ಯಾಕೆ ಏಳ್ಬೇಕು?”

ಹೊರಡುವಾಗ ಅವನು ಆಕೆಯ ಕೊಡದಿಂದ ನೀರು ಕೇಳಿ ಕುಡಿದ. ಆಕೆ ಬೇಡವೆನ್ನಲಿಲ್ಲ, ಲೋಟವನ್ನು ಮಾತ್ರ ಸೆರಗಿನಿಂದ ಇನ್ನೊಮ್ಮೆ ಒರೆಸಿ ಕೊಟ್ಟರು.

ಅವನ ಊರಿನ ಮೇಳದಲ್ಲಿ ಯಾವ ನಾಯಕಿಯೂ ಕೂತು ಆಡಿದ್ದಿಲ್ಲ. ಕೂತರೆ, ಎಲ್ಲಿ ಕಲಿತದ್ದೆಂದು ಹಿರಿಯರಿಗೆಲ್ಲ ತಿಳಿಯುತ್ತದೆ. ಮುಂದಿನ ಆಟದಲ್ಲಿ ಆ ಪದ ಬಂದಾಗ ಪಾರ್ವತೀಶಂ ರಂಗದ ನಡುವೆ ಹೋದ, ಒಂದು ಕ್ಷಣ ನಿಂತ. ಆಮೇಲೆ ಸೀರೆಯ ನೆರಿಗೆ ಸರಿಪಡಿಸಿಕೊಂಡು ಕೂತ.

ಕೇಶವಯ್ಯನವರ ತಾಳ ನಿಂತಿತು. ಮುಂದಿನ ಸಾಲಿನ ಹಿರಿಯರು ಮುಖ ಮುಖ ನೋಡಿಕೊಂಡರು. ಅವನು ಬಾಗಿಲಿಲ್ಲದ ಕಡೆ ಬಾಗಿಲೆಂಬಂತೆ ಕಣ್ಣೆತ್ತಿದ. ಸಭೆಯೆಲ್ಲ ಒಟ್ಟಿಗೆ ಹಿಂತಿರುಗಿ ನೋಡಿತು. ಆಗ ತಾಳ ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ, ಕೂತವಳಿಗೆ ಬೇಕಾದಷ್ಟೇ ನಿಧಾನವಾಗಿ. ಪಂಜಿನವನು ಹೇಳಿಸಿಕೊಳ್ಳದೆಯೇ ಪಂಜನ್ನು ಅವನ ಮುಖದ ಮಟ್ಟಕ್ಕೆ ಇಳಿಸಿದ.

ಬಣ್ಣ ತೆಗೆಯುವಾಗ ಮಾವ ಬಂದು ಪಕ್ಕದಲ್ಲಿ ಕೂತರು.

“ಅವರ ಮನೇಲಿ ನೀರು ಕುಡಿದ್ಯಾ?”

“ಕುಡಿದೆ, ಮಾವ.” ಮುಂದಿನ ಮಾತಿಗೆ ಅವನು ಮನಸ್ಸು ಗಟ್ಟಿ ಮಾಡಿಕೊಂಡ.

ಕೇಶವಯ್ಯ ಬಹಳ ಹೊತ್ತು ತಾಳದ ದಾರ ಸುತ್ತಿದರು.

“ನಾಳೆ ಹಿರಿಯರು ಕೇಳಿದ್ರೆ, ನಾನೇ ಕಳಿಸಿದ್ದೆ ಅನ್ನು,” ಎಂದರು. ಆಮೇಲೆ ದನಿ ತಗ್ಗಿಸಿ, “ಅವರ ಮೊಣಕಾಲು ಈಗ ಹೇಗಿದೆಯಪ್ಪ?”